ದೋಣಿ ತಳದ ತಾಮ್ರಕ್ಕೆ ಅವಸರ ಬೇಡ

ಸಂಪಾದಕರೇ,

ದೋಣಿಯ ತಳಕ್ಕೆ ತಾಮ್ರದ ಪುಡಿ ಬೆರೆಸಿದ ಎಪಾಕ್ಸಿ (ಒಣಗಿ ಗಟ್ಟಿಯಾಗುವ ಅಂಟು) ಬಳಿದರೆ ವರ್ಷಗಟ್ಟಲೆ ಪಾಚಿ, ಚಿಪ್ಪುಗಳ ಕಾಟ ಕಡಿಮೆ ಎಂದು ಕೇಳಿ ಎಷ್ಟೋ ಜನ ಅವಸರಪಟ್ಟು ಕೆಲಸ ಕೆಡಿಸಿಕೊಳ್ಳುತ್ತಾರೆ. ನನಗೂ ಹಾಗೇ ಆಯಿತು. ಹಳೇ ಬಣ್ಣ ಪೂರ್ತಿ ಕೆರೆದು, ತಳ ಚೆನ್ನಾಗಿ ಒಣಗಿದ ಮೇಲೇ ಶುರು ಮಾಡಬೇಕು. ತಾಮ್ರ ಭಾರ ಅಲ್ವಾ, ಡಬ್ಬಿಯ ಅಡಿಗೆ ಇಳಿದುಬಿಡುತ್ತದೆ. ರೋಲರ್ ಅದ್ದುವಾಗಲೆಲ್ಲ ಕಲಕುತ್ತಲೇ ಇರಬೇಕು, ಇಲ್ಲದಿದ್ದರೆ ದೋಣಿಗೆ ಹತ್ತುವುದು ಬರೀ ಅಂಟು. ಗಟ್ಟಿಯಾದ ಮೇಲೆ ಸ್ಯಾಂಡ್ ಪೇಪರ್‌ನಿಂದ ಹಗುರವಾಗಿ ಉಜ್ಜಿ, ತಾಮ್ರ ಮಿನುಗುವುದು ಕಣ್ಣಿಗೆ ಕಾಣಬೇಕು. ಇದನ್ನೇ ಬಹಳ ಜನ ಬಿಡುತ್ತಾರೆ. ಆಗ ತಾಮ್ರ ಅಂಟಿನೊಳಗೇ ಉಳಿದು ನೀರಿಗೆ ತಾಗುವುದೇ ಇಲ್ಲ. ಉಜ್ಜುವಾಗ ಮಾಸ್ಕ್ ಇರಲಿ, ಧೂಳು ನೀರಿಗೆ ಬೀಳದಂತೆ ಟಾರ್ಪಾಲ್ ಹಾಸಿ. ಅಲ್ಯೂಮಿನಿಯಂ ದೋಣಿಗೆ ಮಾತ್ರ ಇದು ಬೇಡವೇ ಬೇಡ, ತಾಮ್ರ ತಾಗಿದ ಕಡೆ ಲೋಹ ತಿಂದುಹೋಗುತ್ತದೆ. ಡಬ್ಬಿ ಮಾರುವವರು ಇಷ್ಟನ್ನೂ ಮೊದಲೇ ಹೇಳಬೇಕು.

– ಒಬ್ಬ ದೋಣಿ ಮಾಲೀಕ