ಯುಗಾದಿ ರೆಸಿಪಿ ಮೂರು ದಿನ ಮೊದಲೇ ಬರಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಒಬ್ಬಟ್ಟಿನ ರೆಸಿಪಿ ಪತ್ರಿಕೆಯಲ್ಲಿ ಬರುವುದು ಯುಗಾದಿಯ ದಿನವೇ. ಆ ಹೊತ್ತಿಗೆ ಹೂರಣ ರುಬ್ಬಿದವರಿಗೆ ಅದು ಬೇಡ, ರುಬ್ಬದವರಿಗೆ ಆಗಲೇ ತಡವಾಗಿರುತ್ತದೆ. ಸಾಲದ್ದಕ್ಕೆ 'ತಯಾರಿಗೆ 30 ನಿಮಿಷ' ಅಂತ ಬೇರೆ ಹಾಕಿರುತ್ತಾರೆ. ಕಣಕ ನೆನೆಯೋದಕ್ಕೇ ಎರಡು ಗಂಟೆ ಬೇಕು, ಅಲ್ವಾ?

15 ಜನ ಊಟಕ್ಕೆ ಕೂರುವ ಮನೆಯಲ್ಲಿ ದೊಡ್ಡ ತಾಪತ್ರಯ ಒಲೆಯದು. ಬಹಳ ಮನೆಗಳಲ್ಲಿ ಇರೋದೇ ಎರಡು ಬರ್ನರ್. ತಲೆಗೆ ಮೂರು ಅಂದರೆ 45 ಒಬ್ಬಟ್ಟು, ಒಂದಕ್ಕೆ ಎರಡೂವರೆ ನಿಮಿಷ ಹಿಡಿದರೂ ಒಂದೇ ಕಾವಲಿಯಲ್ಲಿ ಹತ್ತಿರ ಹತ್ತಿರ ಎರಡು ಗಂಟೆ. ಎರಡು ಕಾವಲಿ ಇಟ್ಟರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ, ಆದರೆ ಅಷ್ಟು ಹೊತ್ತೂ ಸಾರಿಗೂ ಪಲ್ಯಕ್ಕೂ ಒಲೆ ಸಿಗೋದಿಲ್ಲ. ಈ ಲೆಕ್ಕವನ್ನು ಯಾಕೆ ಯಾರೂ ಬರೆಯೋದಿಲ್ಲ?

ಊಟ ಒಂದು ಗಂಟೆಗೆ ಅಂತಿಟ್ಟುಕೊಳ್ಳಿ. ಹಿಂದಿನ ರಾತ್ರಿಯೇ ಕಡಲೆಬೇಳೆ ಬೇಯಿಸಿ, ಕಟ್ಟು ಬಸಿದು, ಬೆಲ್ಲ ಹಾಕಿ ಗಟ್ಟಿ ಮಾಡಿ, ಹೂರಣ ರುಬ್ಬಿ, ಕಟ್ಟು ಹೂರಣ ಎರಡನ್ನೂ ಫ್ರಿಜ್ಜಿನಲ್ಲಿಟ್ಟರೆ ಅರ್ಧ ಹಬ್ಬ ಮುಗಿದ ಹಾಗೆ. ಹೊರಗಿಡಬೇಡಿ, ಆ ಸೆಕೆಗೆ ಹುಳಿ ಬರುತ್ತದೆ. ರಾತ್ರಿ ಮಾಡಿದ್ದು ನೈವೇದ್ಯಕ್ಕೆ ಆಗೋದಿಲ್ಲ ಅನ್ನುವ ಮಡಿ ಮನೆಯವರು ಬೆಳಿಗ್ಗೆ ಐದಕ್ಕೇ ಬೇಳೆ ಇಡಬೇಕು, ಬೇರೆ ದಾರಿಯಿಲ್ಲ. ಏಳಕ್ಕೆ ಕಣಕ ಕಲಸಿ ಎಣ್ಣೆ ಹಾಕಿ ಮುಚ್ಚಿಟ್ಟರೆ, ಎಲ್ಲರ ಎಣ್ಣೆಸ್ನಾನ ಮುಗಿಯುವಷ್ಟರಲ್ಲಿ ಅದೂ ನೆಂದಿರುತ್ತದೆ. ಹತ್ತೂವರೆಯೊಳಗೆ ಒಬ್ಬಟ್ಟಿನ ಸಾರು, ಪಲ್ಯ, ಪಾಯಸ ಆಗಿಬಿಡಬೇಕು. ಚಿತ್ರಾನ್ನದ ಅನ್ನವನ್ನೂ ಆಗಲೇ ಮಾಡಿ ತಟ್ಟೆಯಲ್ಲಿ ಹರವಿಡಿ, ಆರಿದರೇ ಅದು ಉದುರುದುರಾಗೋದು. ಆಮೇಲೆ ಎರಡೂ ಒಲೆ ಒಬ್ಬಟ್ಟಿಗೆ. ತಟ್ಟಲು ಒಬ್ಬರು, ಬೇಯಿಸಲು ಒಬ್ಬರು ಬೇಕೇ ಬೇಕು. ಟಿವಿ ಮುಂದೆ ಕೂತು 'ಊಟ ಎಷ್ಟೊತ್ತಿಗೆ' ಅಂತ ಕೇಳುವ ಗಂಡಸರಲ್ಲಿ ಒಬ್ಬರಾದರೂ ಎದ್ದು ಬಂದು ಕಾಯಿ ತುರಿದರೆ ಊಟ ಬೇಗ ಆಗುತ್ತದೆ. ಕಾವಲಿ ಇಳಿದ ಮೇಲೆ ಒಂದು ಕಡೆ ಬಿಸಿ ಅನ್ನ, ಇನ್ನೊಂದು ಕಡೆ ಹಪ್ಪಳ. ಕೋಸಂಬರಿಗೆ ಮಾತ್ರ ಎಲೆ ಹಾಕುವವರೆಗೂ ಉಪ್ಪು ಸೇರಿಸಬೇಡಿ, ಸೌತೆಕಾಯಿ ನೀರು ಬಿಡುತ್ತದೆ.

ಇಷ್ಟನ್ನೇ ಯಾರಾದರೂ ಅನುಭವಿ ಅಡುಗೆಯವರಿಂದ ಗಂಟೆವಾರು ಬರೆಸಿ, ಹಬ್ಬಕ್ಕೆ ಮೂರು ದಿನ ಮುಂಚೆ ಹಾಕಿ. 'ನಾಲ್ಕು ಜನಕ್ಕೆ' ಅನ್ನುವ ಅಳತೆ ಬಿಟ್ಟು 15 ಜನಕ್ಕೆ ಎಷ್ಟು ಬೇಳೆ, ಎಷ್ಟು ಬೆಲ್ಲ ಅಂತ ಕೊಟ್ಟರೆ ದಿನಸಿ ತರೋದಕ್ಕೂ ಅನುಕೂಲ. ಗೌರಿ-ಗಣೇಶ ಹಬ್ಬಕ್ಕೂ ಹೀಗೇ ಮಾಡಿ, ಇಡ್ಲಿ ಪಾತ್ರೆಯಲ್ಲಿ ಒಂದು ಸಲಕ್ಕೆ ಎಷ್ಟು ಕಡುಬು ಹಿಡಿಯುತ್ತದೆ ಅನ್ನೋದನ್ನೂ ಸೇರಿಸಿ.

ಇಂತಿ,
ಒಬ್ಬ ಓದುಗರು, ಮೈಸೂರು