ನೀರಿಗೆ ಒಂದೇ ಗೆರೆ ಸಾಲದು: ಮಗಳಿಗೊಂದು ಪತ್ರ

ನವನಗರ, ಬಾಗಲಕೋಟೆ

ಚಿ. ಅಕ್ಷತಾಗೆ ಅಪ್ಪನ ಆಶೀರ್ವಾದ.

ಅಹಮದಾಬಾದಿನಿಂದ ನೀ ಕಳಿಸಿದ ಡ್ರಾಯಿಂಗನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಊಟದ ಟೇಬಲ್ ಮೇಲೆ ಹರವಿಕೊಂಡು ಕೂತಿದ್ದೇನೆ. "ಇನ್ನ ರೊಟ್ಟಿ ಎಲ್ಲಿ ಇಡ್ಲಿ, ನಿಮ್ಮ ಹೊಳಿಯೊಳಗ?" ಅಂತ ನಿಮ್ಮವ್ವ ಆಗಲೇ ಗದರಿಸಿ ಹೋದಳು. ಕೆಲಸಕ್ಕೆ ಸೇರಿದ ವರ್ಷವೇ ಒಂದು ಊರಿನ ಹೊಳೆದಂಡೆ ನಿನ್ನ ಕೈಗೆ ಬಂದಿದೆ ಅಂದರೆ ನನಗೆಷ್ಟು ಖುಷಿ ಆಗಿರಬೇಕು, ನೀನೇ ಊಹಿಸು. ಅಡ್ಡಾಡುವ ದಾರಿ, ಬೇವಿನ ಸಾಲು, ಮುದುಕರು ಕೂಡಲು ಕಟ್ಟೆ, ಎಲ್ಲ ಚೆಂದ ಇದೆ. ಆದರೆ ನೀರನ್ನು ಒಂದೇ ನೀಲಿ ಗೆರೆಯಲ್ಲಿ ಮುಗಿಸಿಬಿಟ್ಟಿದ್ದೀಯಲ್ಲ, ಅದು ಯಾವ ತಿಂಗಳ ನೀರು?

ನೀನು ದಿನಾ ನೋಡುವ ಸಾಬರಮತಿ ನಿನ್ನ ಕಣ್ಣಿಗೆ ಹಾಗೆ ರೂಢಿ ಮಾಡಿಸಿರಬೇಕು. ಅಲ್ಲಿ ನದಿಯ ಅಗಲವನ್ನು 263 ಮೀಟರಿಗೆ ಸಮ ಮಾಡಿ, ನರ್ಮದಾ ಕಾಲುವೆಯ ನೀರು ತುಂಬಿಸಿ, ಕೆಳಗೆ ವಾಸಣಾ ಬ್ಯಾರೇಜಿನಲ್ಲಿ ಹಿಡಿದಿಟ್ಟಿದ್ದಾರೆ. ನೀರು ಹೇಳಿದಲ್ಲಿ ನಿಲ್ಲುವ ಜಾಗದಲ್ಲಿ ಒಂದು ಗೆರೆ ನಡೆಯುತ್ತದೆ. ಸಂಜೆ ಅಲ್ಲಿ ಮಂದಿ ನಲಿಯುವುದನ್ನು ನಾನೂ ನೋಡಿದ್ದೇನೆ, ಹೊಟ್ಟೆಕಿಚ್ಚಿಲ್ಲ. ಆದರೆ ನಿನಗೆ ಕೊಟ್ಟಿರುವ ಹೊಳೆಗೆ ಯಾರೂ ಕಾಲುವೆ ನೀರು ತಂದು ಸುರಿಯುವುದಿಲ್ಲ. ಅದು ಏರುತ್ತದೆ, ಇಳಿಯುತ್ತದೆ, ಬೇಸಿಗೆಯಲ್ಲಿ ಮರಳು ತೋರಿಸುತ್ತದೆ.

ಇದನ್ನು ನನಗೆ ಕಲಿಸಿದ್ದು ಕಾಲೇಜಲ್ಲ, ಮುಂಬೈ. ಜೆಟ್ಟಿ, ಮೀನು ಇಳಿಸುವ ದಕ್ಕೆ, ಸಮುದ್ರದಂಡೆಯ ಕಟ್ಟಡ ಇಂಥವನ್ನೇ ಮಾಡುವ ಆಫೀಸಿನಲ್ಲಿ ನನ್ನ ಮೊದಲ ನೌಕರಿ. ನಮ್ಮ ಸಾಹೇಬರಿಗೆ ಹಾಯಿದೋಣಿಯ ಹುಚ್ಚು. ಭಾನುವಾರ ಹೆಂಡತಿ ಮಕ್ಕಳನ್ನು ದೋಣಿ ಹತ್ತಿಸುವಾಗ ಹೊಸದಾಗಿ ಸೇರಿದ ನಮ್ಮಂಥ ಹುಡುಗರಲ್ಲಿ ಒಬ್ಬರನ್ನೂ ಜೊತೆಗೆ ಹಾಕಿಕೊಳ್ಳುತ್ತಿದ್ದರು. ಡಬ್ಬಿ ಬಿಚ್ಚಿ ಉಣ್ಣುತ್ತಲೇ ಪಾಠ. ಜಾರ್ಜ್ ವಿಟೆಟ್ ವಿನ್ಯಾಸ ಮಾಡಿದ ಗೇಟ್‌ವೇ ಆಫ್ ಇಂಡಿಯಾವನ್ನು ಮೊದಲ ಸಲ ಅದರ ಎದುರುಗಡೆಯಿಂದ, ಅಂದರೆ ನೀರಿನಿಂದ, ನೋಡಿದ್ದು ಆಗಲೇ. 1924ರಲ್ಲಿ ಬಾಗಿಲು ತೆರೆದಾಗ ಅದು ಹಡಗಿನಲ್ಲಿ ಬರುವವರ ಕಣ್ಣಿಗಾಗಿಯೇ ನಿಂತದ್ದು. ನಾವೆಲ್ಲ ಅದರ ಬೆನ್ನಿಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ಅದರ ಪಕ್ಕದ ಮೆಟ್ಟಿಲು ನೋಡು ಅಂದರು ಸಾಹೇಬರು. ಅರ್ಧಕ್ಕರ್ಧ ಪಾಚಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಅಲ್ಲಿ ಸಮುದ್ರ ನಾಲ್ಕೂವರೆ ಮೀಟರಿನಷ್ಟು ಏರಿಳಿಯುತ್ತದೆ, ದಿನಕ್ಕೆ ಎರಡು ಸಲ. ಪಾಚಿ ಹಿಡಿದ ಮೆಟ್ಟಿಲೆಲ್ಲ ಸಮುದ್ರದ್ದು, ಒಣಗಿದ್ದು ಮಾತ್ರ ಊರಿನದು.

ಊರಿಗೆ ವಾಪಸ್ ಬಂದಾಗ ನಮ್ಮ ಹೊಳೆ ಅದೇ ಆಟವನ್ನು ವರ್ಷಕ್ಕೊಮ್ಮೆ ಆಡುತ್ತಿರುವುದು ಕಂಡಿತು. ಆಲಮಟ್ಟಿ ಅಣೆಕಟ್ಟು ಭರ್ತಿಯಾದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಅದನ್ನು ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ್ದು 524.256. ಈ ಎರಡು ಅಂಕಿ ಬಾಗಲಕೋಟೆಯ ಚಹಾ ಅಂಗಡಿಯಲ್ಲೂ ಬಾಯಿಪಾಠ. ಕಳೆದರೆ 4.656 ಮೀಟರ್. ಹೆಚ್ಚುಕಮ್ಮಿ ಮುಂಬೈನ ಒಂದು ಉಬ್ಬರ! ಅಲ್ಲಿ ಅದು ಮೆಟ್ಟಿಲ ಮೇಲಿನ ಪಾಚಿ. ಇಲ್ಲಿ ಇಪ್ಪತ್ತು ಹಳ್ಳಿಗಳ ಮುಳುಗಡೆ. ನೆಲ ಚಪ್ಪಟೆ ಇದ್ದಲ್ಲಿ ನಿಂತ ಅಳತೆಯ ಒಂದು ಮೀಟರ್ ಮಲಗಿದರೆ ಎಷ್ಟು ದೂರ ಹೋಗುತ್ತದೆ ಅನ್ನುವುದನ್ನು ಸೆಕ್ಷನ್ (ನೆಲವನ್ನು ಅಡ್ಡ ಕೊಯ್ದು ತೋರಿಸುವ ನಕ್ಷೆ) ಬರೆಯುವವರಿಗಿಂತ ಮನೆ ಬಿಟ್ಟು ಬಂದ ನಿಮ್ಮಜ್ಜಿ ಚೆನ್ನಾಗಿ ಹೇಳುತ್ತಿದ್ದಳು.

ಆ ಹಳೆಯ ಫೈಬರ್ ದೋಣಿಯನ್ನು ಗೋವಾದಿಂದ ಲಾರಿಯಲ್ಲಿ ತರಿಸಿದಾಗ ನಿಮ್ಮವ್ವ ಮೂರು ದಿನ ಮಾತು ಬಿಟ್ಟಿದ್ದಳು. ಕೊನೆಗೆ ಕಟಕರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮೊದಲು ಹತ್ತಿ ಕೂತವಳೂ ಅವಳೇ. ನೀನು ಚುಕ್ಕಾಣಿ, ನಿನ್ನ ತಮ್ಮ ತಂಬಿಗೆಯಲ್ಲಿ ನೀರು ಹೊರಚೆಲ್ಲುವವನು, ನಾನು ಹಾಯಿಯ ಹಗ್ಗ. ಲೈಫ್ ಜಾಕೆಟ್ ಹಾಕದೆ ದೇವರು ಬಂದರೂ ಹತ್ತಿಸುತ್ತಿರಲಿಲ್ಲ. ದಂಡೆಯಲ್ಲಿ ಬಲೆ ಒಣಹಾಕುತ್ತಿದ್ದ ಅಂಬಿಗರ ಹಿರಿಯ ಕೇಳಿದ್ದು ನೆನಪಿದೆಯಾ? "ಮೀನಾ ಹಿಡಿಯಂಗಿಲ್ಲ, ಮಂದೀನೂ ದಾಟಸಂಗಿಲ್ಲ, ಮತ್ಯಾಕ ಹೊಕ್ಕೀರಿ ಸಾಹೇಬ್ರ?" ಇವತ್ತಿಗೂ ಅದಕ್ಕೆ ನನ್ನಲ್ಲಿ ಸರಿಯಾದ ಉತ್ತರ ಇಲ್ಲ.

ಆದರೆ ದಂಡೆಯ ಬಗ್ಗೆ ನನಗೆ ತಿಳಿದಿರುವುದರಲ್ಲಿ ಅರ್ಧ ಆ ದೋಣಿಯದೇ. ಹಾಯಿ ಗಾಳಿಗೆ ಎದುರು ನೇರ ಹೋಗುವುದಿಲ್ಲ. ಸುಮಾರು ನಲವತ್ತೈದು ಡಿಗ್ರಿ ಓರೆಯಾಗಿ ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ ಹೊರಳುತ್ತ ಹೋಗಬೇಕು. ಆಷಾಢದ ಪಡುವಣ ಗಾಳಿಗೆ ಮೇಲಕ್ಕೆ ಹೋಗುವಾಗ ಪ್ರತಿ ಹೊರಳಿಗೂ ದಂಡೆಯ ಹತ್ತಿರ ಹೋಗಲೇಬೇಕಲ್ಲ. ದೋಣಿ ಅಡ್ಡಕ್ಕೆ ಜಾರದಂತೆ ತಳದಲ್ಲಿ ಇಳಿಬಿಟ್ಟ ಹಲಗೆ ಎಲ್ಲಿ ನೆಲ ಕೆರೆಯಿತೋ ಅಲ್ಲಿ ಆಳ ಎಷ್ಟೆಂದು ಗೊತ್ತಾಗುತ್ತಿತ್ತು. ಒಂದು ಕಡೆ ಮೆತ್ತಗೆ ಎರಿಮಣ್ಣು, ಇನ್ನೊಂದು ಕಡೆ ಮುಳುಗಿದ ಗೋಡೆಯ ಕಲ್ಲು, ಜಾಲಿಯ ಬೊಡ್ಡೆ. ಸರ್ವೇ ನಕ್ಷೆಯಲ್ಲಿ ಅವೆಲ್ಲ ಒಂದೇ ಬಣ್ಣ.

ಈಗ ನಿನ್ನ ಡ್ರಾಯಿಂಗಿನಲ್ಲಿ ದಂಡೆಗೆ ಎತ್ತಿರುವ ಗೋಡೆಗೆ ಬರುತ್ತೇನೆ. ನೀರು ತುಂಬಿದಾಗ ಗೋಡೆಗೆ ಭಯವಿಲ್ಲ, ಎದುರಿನ ನೀರೇ ಆನಿಸಿ ಹಿಡಿದಿರುತ್ತದೆ. ಅಪಾಯ ಇರುವುದು ಅದು ಬೇಗ ಇಳಿದಾಗ. ಎದುರು ಖಾಲಿ, ಹಿಂದಿನ ಮಣ್ಣು ಮಾತ್ರ ನೀರು ಕುಡಿದು ಬಸುರಿ ಎಮ್ಮೆಯಂತೆ ಭಾರ. ಎರಿಮಣ್ಣು ಕುಡಿದ ನೀರನ್ನು ಸುಲಭಕ್ಕೆ ಬಿಡುವುದೂ ಇಲ್ಲ. ಗೋಡೆ ಹೊಳೆಯ ಕಡೆಗೆ ವಾಲುತ್ತದೆ. ನಿನ್ನ ಸೆಕ್ಷನ್ನಿನಲ್ಲಿ ಗೋಡೆಯ ಹಿಂದೆ ಜಲ್ಲಿ ಇಲ್ಲ, ನೀರು ಸೋರಿಹೋಗಲು ತೂತುಗಳಿಲ್ಲ. ಅವನ್ನು ಹಾಕು. ಅದಕ್ಕಿಂತ, ಜಾಗ ಇದ್ದಲ್ಲೆಲ್ಲ ಗೋಡೆ ಬಿಟ್ಟು ಮೆಟ್ಟಿಲು ಮಾಡು.

ಬಾದಾಮಿಯ ಅಗಸ್ತ್ಯತೀರ್ಥ ನೋಡಿದವಳಿಗೆ ನಾನೇನು ಹೇಳಲಿ? ಭೂತನಾಥ ಗುಡಿಯ ಮುಂದಿನ ಮಂಟಪ ನೀರಿನ ಮೇಲೆಯೇ ಚಾಚಿ ನಿಂತಿದೆ. ಕೆರೆ ತುಂಬಿದರೂ ಚೆಂದ, ಬತ್ತಿದರೂ ಚೆಂದ. ಕೆಳಗಿನ ಮೆಟ್ಟಿಲಲ್ಲಿ ಬಟ್ಟೆ ಒಗೆಯುವವರು ನೀರು ಸರಿದಂತೆ ತಾವೂ ಸರಿಯುತ್ತಾರೆ, ಯಾರ ಅಪ್ಪಣೆಯೂ ಬೇಕಿಲ್ಲ. ಗೋಡೆಯೇ ಬೇಕಾಗುವ ಜಾಗಗಳೂ ಇವೆ, ಇಲ್ಲ ಅನ್ನುವುದಿಲ್ಲ. ಕೂಡಲಸಂಗಮದಲ್ಲಿ ನಾರಾಯಣಪುರದ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಎತ್ತಿದರು. ಸೇತುವೆಯ ಮೇಲೆ ನಡೆದು, ಹೊರಗೆ ನೀರಿರುವಾಗ ಒಳಗೆ ಮೆಟ್ಟಿಲಿಳಿದು ಹೋಗುತ್ತೇವೆ. ಅಲ್ಲಿ ಉಳಿಸಬೇಕಾದ್ದು ಒಂದು ಬಿಂದು, ಅದಕ್ಕೆ ಗೋಡೆ ಸರಿ. ನಿನ್ನದು ಇಡೀ ಊರಿನ ದಂಡೆ.

ಸೈಕಲ್ ದಾರಿ, ದೀಪದ ಕಂಬದ ಬಗ್ಗೆ ನನಗೇನೂ ತಕರಾರಿಲ್ಲ, ನಿಮ್ಮ ಕಾಲದ ಮಂದಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಆದರೆ ಪೆನ್ಸಿಲ್ ಹಿಡಿಯುವ ಮೊದಲು ಆ ಊರಿನ ಮೀನುಗಾರನೊಬ್ಬನ ದೋಣಿಯಲ್ಲಿ ಅರ್ಧ ದಿನ ಕೂತು ಬಾ. ಅವನಿಗೆ ಕೂಲಿ ಕೊಡುವುದನ್ನು ಮರೆಯಬೇಡ. ಹೋದ ವರ್ಷ ನೀರು ಎಲ್ಲಿಗೆ ಬಂದಿತ್ತು ಅಂತ ಎಂಜಿನಿಯರನನ್ನೂ ಕೇಳು, ದಂಡೆಯ ಗುಡಿಯ ಪೂಜಾರಿಯನ್ನೂ ಕೇಳು; ಇಬ್ಬರ ಉತ್ತರ ಬೇರೆ ಬಂದರೆ ಎರಡನ್ನೂ ಬರೆದುಕೋ. ಮೇ ತಿಂಗಳ ನೀರು ಒಂದು ಗೆರೆ, ಆಗಸ್ಟ್ ತಿಂಗಳ ನೀರು ಇನ್ನೊಂದು. ನಿನ್ನ ನಿಜವಾದ ಸೈಟು ಆ ಎರಡರ ನಡುವಿನದು.

ನಿಮ್ಮ ಬಾಸ್ "ಇದಕ್ಕೆ ಟೈಮಿಲ್ಲ" ಅಂದಾರು. ಅನ್ನಲಿ. ಭಾನುವಾರ ಹೋಗಿ ಬಾ.

ದೀಪಾವಳಿಗೆ ಟಿಕೆಟ್ ಆಗಿದೆಯೋ ಇಲ್ಲವೋ ತಿಳಿಸು. ಕರ್ಚಿಕಾಯಿ ಎಷ್ಟು ಮಾಡಬೇಕು ಅಂತ ನಿಮ್ಮವ್ವ ಕೇಳುತ್ತಿದ್ದಾಳೆ. ಆಗ ಹಿನ್ನೀರು ತುಂಬಿರುತ್ತದೆ, ಗಾಳಿಯೂ ಮೆತ್ತಗಿರುತ್ತದೆ. ತಮ್ಮ ಈ ಸಲ ಚುಕ್ಕಾಣಿ ತನಗೇ ಬೇಕು ಅನ್ನುತ್ತಿದ್ದಾನೆ, ನೀವಿಬ್ಬರೂ ಬಗೆಹರಿಸಿಕೊಳ್ಳಿ. ಅಲ್ಲಿ ಸ್ಟೇನ್‌ಲೆಸ್ ಶ್ಯಾಕಲ್ (ಹಗ್ಗ ಸಿಕ್ಕಿಸುವ ಕೊಂಡಿ) ಸಿಕ್ಕರೆ ನಾಲ್ಕು ತಾ, ಹಾಯಿಯ ಹಗ್ಗಕ್ಕೆ. ಇಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ತಂದವು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದಿವೆ.

ನಿನ್ನ
ಅಪ್ಪ