ವೀರ್ಯಾಣುವಿಗೆ ಸಾಮರ್ಥ್ಯ ಬರುವುದು ಸ್ತ್ರೀದೇಹದಲ್ಲಿ

ಮಾನ್ಯ ಸಂಪಾದಕರೇ,

ಕೋಟಿಗಟ್ಟಲೆ ವೀರ್ಯಾಣುಗಳು ಅಂಡಾಣುವಿನತ್ತ ಧಾವಿಸುತ್ತವೆ, ಮೊದಲು ತಲುಪಿದ್ದು ಗೆಲ್ಲುತ್ತದೆ ಎಂಬ ವಿವರಣೆ ಫಲೀಕರಣದ ಕುರಿತ ಜನಪ್ರಿಯ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಓದಲು ಸೊಗಸಾಗಿದ್ದರೂ ಸಸ್ತನಿಗಳ ಮಟ್ಟಿಗೆ ಇದು ಸರಿಯಲ್ಲ. ಆಗತಾನೇ ಹೊರಬಂದ ವೀರ್ಯಾಣುವನ್ನು ಅಂಡಾಣುವಿನ ಮಗ್ಗುಲಲ್ಲೇ ತಂದಿಟ್ಟರೂ ಅದು ಕೂಡಲೇ ಒಳಹೊಗಲಾರದು. ಸಹಜ ಗರ್ಭಧಾರಣೆಯಲ್ಲಿ, ಹೆಣ್ಣಿನ ಜನನಾಂಗದೊಳಗೆ ಕೆಲವು ಗಂಟೆ ಕಳೆದ ಮೇಲಷ್ಟೇ ಅದಕ್ಕೆ ಆ ಸಾಮರ್ಥ್ಯ ಬರುತ್ತದೆ.

ಅಮೆರಿಕದಲ್ಲಿ ಎಂ.ಸಿ. ಚಾಂಗ್, ಆಸ್ಟ್ರೇಲಿಯಾದಲ್ಲಿ ಸಿ.ಆರ್. ಆಸ್ಟಿನ್ ಎಂಬ ವಿಜ್ಞಾನಿಗಳು ಇದನ್ನು 1951ರಲ್ಲಿ ತಮ್ಮ ಪಾಡಿಗೆ ತಾವು ಕಂಡುಕೊಂಡರು. ಮರುವರ್ಷ ಆಸ್ಟಿನ್ ಇದಕ್ಕೆ ಕೆಪಾಸಿಟೇಶನ್ ಎಂಬ ಹೆಸರು ಕೊಟ್ಟರು. ಕೂಡಿದ ಹೆಣ್ಣುಮೊಲದ ಗರ್ಭಕೋಶದಿಂದ ತೆಗೆದ ವೀರ್ಯಾಣುಗಳನ್ನು ಬಳಸಿ ಚಾಂಗ್ 1959ರಲ್ಲಿ ದೇಹದ ಹೊರಗೇ ಅಂಡಾಣುಗಳನ್ನು ಫಲಗೊಳಿಸಿ, ಅವುಗಳಿಂದ ಮರಿಗಳನ್ನೂ ಪಡೆದರು. 1978ರಲ್ಲಿ ಹುಟ್ಟಿದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್‌ಳ ಹಿಂದೆಯೂ ಈ ತಿಳಿವಳಿಕೆ ಇತ್ತು.

ವೃಷಣದಲ್ಲಿ ರೂಪುಗೊಂಡಾಗ ವೀರ್ಯಾಣುವಿಗೆ ಸರಿಯಾಗಿ ಈಜಲೂ ಬರುವುದಿಲ್ಲ. ಎಪಿಡಿಡಿಮಿಸ್ ಎಂಬ ಸುರುಳಿನಾಳವನ್ನು ಹಾದುಬರುವಾಗ ಅದು ಈಜುವಂತಾಗುತ್ತದೆ. ಆದರೆ ಅದರ ಮೈಗೆ ಅಂಟಿದ ವೀರ್ಯದ್ರವದ ಕೆಲವು ಪ್ರೋಟೀನುಗಳು ಮುಂದಿನ ಬದಲಾವಣೆಯನ್ನು ತಡೆಹಿಡಿದಿರುತ್ತವೆ. ಗರ್ಭಕೋಶ ಮತ್ತು ಗರ್ಭನಾಳದತ್ತ ಸಾಗುವ ದಾರಿಯಲ್ಲಿ ಈ ಲೇಪ ಕಳಚುತ್ತದೆ, ಅಲ್ಲಿನ ಅಲ್ಬುಮಿನ್ ಎಂಬ ಪ್ರೋಟೀನು ವೀರ್ಯಾಣುವಿನ ಹೊರಪೊರೆಯಿಂದ ಕೊಲೆಸ್ಟರಾಲನ್ನು ಸೆಳೆದುಕೊಳ್ಳುತ್ತದೆ, ಪೊರೆ ಸಡಿಲಗೊಳ್ಳುತ್ತದೆ, ಬೈಕಾರ್ಬೊನೇಟ್ ಒಳಗೆ ಸೇರಿ ಕಿಣ್ವಗಳ ಒಂದು ಸರಣಿಯನ್ನೇ ಎಚ್ಚರಿಸುತ್ತದೆ. ಬಾಲದಲ್ಲಿರುವ, 2001ರಲ್ಲಿ ಪತ್ತೆಯಾದ ಕ್ಯಾಟ್‌ಸ್ಪರ್ ಎಂಬ ದ್ವಾರಗಳ ಮೂಲಕ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಮನುಷ್ಯರಲ್ಲಿ ಈ ದ್ವಾರಗಳನ್ನು ತೆರೆಯಲು ಅಂಡಾಣುವಿನ ಸುತ್ತಲಿನ ಕೋಶಗಳು ಸ್ರವಿಸುವ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ನೆರವಾಗುತ್ತದೆ.

ಇದರ ಪರಿಣಾಮವನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು. ಅಲ್ಲಿಯವರೆಗೆ ಎರಡೂ ಬದಿಗೆ ಸಮನಾಗಿ ಬಳುಕುತ್ತ ನೇರ ಸಾಗುತ್ತಿದ್ದ ವೀರ್ಯಾಣು, ಈಗ ಬಾಲವನ್ನು ಒಂದೇ ಬದಿಗೆ ಚಾಟಿಯಂತೆ ಬೀಸತೊಡಗುತ್ತದೆ. ತೆಳು ದ್ರವದಲ್ಲಿ ಇದು ದಿಕ್ಕುತಪ್ಪಿದ ಸುತ್ತಾಟದಂತೆ ತೋರಿದರೂ, ಗರ್ಭನಾಳದ ಅಂಟುದ್ರವದಲ್ಲಿ ಮುಂದೆ ಸಾಗಲು ಮತ್ತು ಅಂಡಾಣುವಿನ ದಪ್ಪ ಹೊದಿಕೆಯನ್ನು ಭೇದಿಸಲು ಈ ಬೀಸೇ ಬೇಕು. ತಲೆಯ ಮೇಲಿನ ಅಕ್ರೋಸೋಮ್ ಎಂಬ ಚೀಲ ತೆರೆದುಕೊಳ್ಳಲು ಸಜ್ಜಾಗುವುದೂ ಈ ಹಂತದಲ್ಲೇ.

ನನಗೆ ಇನ್ನೂ ಮಹತ್ವದ್ದೆನಿಸುವ ಸಂಗತಿಯೆಂದರೆ, ಹೀಗೆ ಸಿದ್ಧಗೊಂಡ ವೀರ್ಯಾಣುವನ್ನು ಮರಳಿ ವೀರ್ಯದ್ರವದಲ್ಲಿ ಇಟ್ಟರೆ ಸಾಮರ್ಥ್ಯ ಹೊರಟುಹೋಗುತ್ತದೆ ಎಂಬುದು. ಇದನ್ನೂ ಚಾಂಗ್ ಅವರೇ 1957ರಲ್ಲಿ ತೋರಿಸಿದರು. ಸಿದ್ಧಸ್ಥಿತಿ ಹೆಚ್ಚು ಹೊತ್ತು ಉಳಿಯುವುದೂ ಇಲ್ಲ, ಎಲ್ಲ ವೀರ್ಯಾಣುಗಳೂ ಒಟ್ಟಿಗೆ ಆ ಸ್ಥಿತಿಗೆ ಬರುವುದೂ ಇಲ್ಲ. ಒಂದಾದ ಮೇಲೊಂದು ತಂಡ ಸಿದ್ಧವಾಗುತ್ತ ಹೋಗುವುದರಿಂದ, ಅಂಡಾಣು ತಡವಾಗಿ ಬಿಡುಗಡೆಯಾದರೂ ಫಲೀಕರಣಕ್ಕೆ ಅವಕಾಶ ಉಳಿದಿರುತ್ತದೆ. ಎಲ್ಲರಿಗಿಂತ ಮುಂಚೆ ಬಂದ ವೀರ್ಯಾಣುವಿಗೆ ಇಂಥ ಏರ್ಪಾಡಿನಲ್ಲಿ ವಿಶೇಷ ಲಾಭವೇನೂ ಇಲ್ಲ.

ಇದು ಬರಿಯ ಪಾಂಡಿತ್ಯದ ಪ್ರಶ್ನೆಯಾಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ವೀರ್ಯದ ಸಾಮಾನ್ಯ ಪರೀಕ್ಷೆಯಲ್ಲಿ ಎಣಿಕೆ, ಚಲನೆ, ಆಕಾರಗಳನ್ನು ನೋಡುತ್ತಾರೆಯೇ ಹೊರತು ಈ ಸಾಮರ್ಥ್ಯವನ್ನು ಅಳೆಯುವುದಿಲ್ಲ. ವರದಿ ಚೆನ್ನಾಗಿದೆ ಎಂದಮಾತ್ರಕ್ಕೆ ಗಂಡಿನಲ್ಲಿ ಕೊರತೆಯಿಲ್ಲವೆಂದು ತೀರ್ಮಾನಿಸಿ, ಮಕ್ಕಳಾಗದ್ದಕ್ಕೆ ಹೆಣ್ಣನ್ನೇ ಹೊಣೆ ಮಾಡುವವರಿಗೆ ಓಟದ ಕಥೆ ಪರೋಕ್ಷವಾಗಿ ಬೆಂಬಲ ಕೊಡುತ್ತದೆ. ಮುಂದೆ ಈ ವಿಷಯದ ಲೇಖನ ಪ್ರಕಟಿಸುವಾಗ ಕೆಪಾಸಿಟೇಶನ್ ಬಗ್ಗೆ ಒಂದು ಪ್ಯಾರಾವನ್ನಾದರೂ ಸೇರಿಸಬೇಕೆಂದು ಕೋರುತ್ತೇನೆ.

ಇಂತಿ,
ಜೀವಶಾಸ್ತ್ರ ಬೋಧಿಸುವ ಓದುಗರೊಬ್ಬರು